ಅಂಗಳದ ಡೊಂಕು

‘ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ’ ಎಂಬ ಗಾದೆ ಕನ್ನಡ ನಾಡಿನಲ್ಲಿ ಮನೆಮಾತಾಗಿದೆ. ತಮ್ಮ ಕೊರತೆಯನ್ನು ಮರೆಮಾಚುವುದಕ್ಕಾಗಿ ಪರಿಸರದ ಮೇಲೆ ತಪ್ಪು ಹೊರಿಸುವವರನ್ನು ಹಾಸ್ಯ ಮಾಡಲು ಹಿರಿಯರು ಈ ಮಾತನ್ನು ಬಳಸುತ್ತ ಬಂದಿದ್ದಾರೆ. ಗಾದೆಯಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಕೆಲವು ಸಂದರ್ಭಗಳಲ್ಲಿ ಅಂಗಳವೇ ನಿಜವಾಗಿ ಡೊಂಕಾಗಿರುವುದೂ ಉಂಟು. ಅಂತಹ ಅಂಗಳದಲ್ಲಿ ಹೆಜ್ಜೆಯಿಡಲಾಗದೆ ನಿಂತವರನ್ನು ಕಂಡು, ‘ಇವರಿಗೆ ಕುಣಿಯಲು ಬಾರದು’ ಎಂದು ತೀರ್ಮಾನಿಸಿಬಿಡುವುದು ಅನ್ಯಾಯವಾಗುತ್ತದೆ. ಶಾಲೆಯ ಆಟದ ಬಯಲು ಅನೇಕ ವೇಳೆ ಅಂತಹ ಡೊಂಕು ಅಂಗಳವಾಗಿರುತ್ತದೆ.

ಆಟದ ಅವಧಿಯ ಗಂಟೆ ಬಾರಿಸಿದೊಡನೆ ತರಗತಿಯ ಮಕ್ಕಳೆಲ್ಲ ಬಯಲಿಗೆ ಓಡುತ್ತಾರೆ. ಚೆಂಡು ಹೊರಬರುತ್ತದೆ, ತಂಡಗಳು ಏರ್ಪಡುತ್ತವೆ, ಕೂಗು ಕೇಕೆಗಳು ಮುಗಿಲು ಮುಟ್ಟುತ್ತವೆ. ಇಷ್ಟರ ನಡುವೆ ಬೇವಿನ ಮರದ ನೆರಳಿನಲ್ಲಿ ಒಂದು ಮಗು ಕುಳಿತಿರುತ್ತದೆ. ಅದಕ್ಕೆ ಕಣ್ಣು ಕಾಣಿಸದಿರಬಹುದು, ಕಾಲಿನಲ್ಲಿ ಬಲವಿಲ್ಲದಿರಬಹುದು, ಕೈಗಳು ಹೇಳಿದ ಮಾತನ್ನು ಕೇಳದಿರಬಹುದು. ಗೆಳೆಯರ ಚಪ್ಪಲಿ, ಚೀಲಗಳನ್ನು ಕಾಯುವುದು ಅದರ ಪಾಲಿಗೆ ಬಂದ ಕೆಲಸ. ಹೆಚ್ಚೆಂದರೆ ಯಾರು ಎಷ್ಟು ಅಂಕ ಗಳಿಸಿದರೆಂದು ಲೆಕ್ಕವಿಡುವ ಗೌರವ ಅದಕ್ಕೆ ದೊರೆಯುತ್ತದೆ. ಯಾರೂ ಅದನ್ನು ಬೈಯುವುದಿಲ್ಲ, ಹೀಯಾಳಿಸುವುದೂ ಇಲ್ಲ. ‘ಪಾಪ, ದಣಿಯುವುದು ಬೇಡ’ ಎಂದು ಎಲ್ಲರೂ ಕನಿಕರದಿಂದಲೇ ಮಾತನಾಡುತ್ತಾರೆ. ಆದರೂ ವಾರ ವಾರವೂ, ವರ್ಷ ವರ್ಷವೂ ಆ ಮಗು ಒಂದೇ ಪಾಠವನ್ನು ಕಲಿಯುತ್ತ ಹೋಗುತ್ತದೆ: ‘ಈ ಬಯಲು ನನ್ನದಲ್ಲ.’ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಈ ಪಾಠವನ್ನು ಅದು ಮರೆಯುವುದು ಕಷ್ಟ.

ಆಟವೆಂದರೆ ಕೇವಲ ಕಾಲಹರಣವಲ್ಲ. ಅದು ದೇಹವನ್ನು ಬಲಗೊಳಿಸುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಗಾಲಿಕುರ್ಚಿಯಲ್ಲಿ ದಿನವಿಡೀ ಕುಳಿತಿರಬೇಕಾದ ಮಗುವಿಗೆ ತೋಳು, ಎದೆ, ಬೆನ್ನುಗಳ ವ್ಯಾಯಾಮ ಇತರರಿಗಿಂತಲೂ ಹೆಚ್ಚಾಗಿ ಬೇಕು ಎಂಬುದನ್ನು ಮಾತ್ರ ಹಲವರು ಮರೆಯುತ್ತಾರೆ. ದೇಹದ ಮಾತು ಹಾಗಿರಲಿ. ಸೋಲನ್ನು ನಗುತ್ತ ಒಪ್ಪಿಕೊಳ್ಳುವುದು, ಗೆದ್ದಾಗ ಬೀಗದಿರುವುದು, ತನ್ನ ಸರದಿಗಾಗಿ ಕಾಯುವುದು, ಜಗಳವಾಡಿ ಮರುಗಳಿಗೆಯಲ್ಲಿ ಒಂದಾಗುವುದು ಇವೆಲ್ಲ ಬಯಲಿನಲ್ಲಿ ಕಲಿಯುವ ವಿದ್ಯೆಗಳು. ಮರದಡಿಯಲ್ಲಿ ಕುಳಿತವರಿಗೆ ಇವು ದಕ್ಕುವುದಿಲ್ಲ. ಬಯಲಿನಿಂದ ಹೊರಗುಳಿದ ಮಗು ಆಟವೊಂದನ್ನೇ ಅಲ್ಲ, ಗೆಳೆತನವನ್ನೂ ಕಳೆದುಕೊಳ್ಳುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮಗುವನ್ನು ಆಟಕ್ಕೆ ತಕ್ಕಂತೆ ಬದಲಾಯಿಸಲು ಸಾಧ್ಯವಿಲ್ಲದಿರಬಹುದು. ಆಟದ ಸಾಧನವನ್ನು ಮಗುವಿಗೆ ತಕ್ಕಂತೆ ಬದಲಾಯಿಸಲು ಖಂಡಿತವಾಗಿಯೂ ಸಾಧ್ಯ. ಚೆಂಡು, ದಾಂಡು, ಬಲೆ, ಗೆರೆ ಇವಾವುವೂ ಪ್ರಕೃತಿ ಸೃಷ್ಟಿಸಿದವಲ್ಲ. ಮನುಷ್ಯನು ತನ್ನ ಅನುಕೂಲಕ್ಕಾಗಿ ಮಾಡಿಕೊಂಡವು. ಮನುಷ್ಯನು ಮಾಡಿದ್ದನ್ನು ಮನುಷ್ಯನೇ ತಿದ್ದಬಹುದು.

ಈ ಮಾತು ಹೊಸದೆಂದು ಯಾರಿಗಾದರೂ ತೋರಿದರೆ ಅವರು ಕ್ರೀಡಾಂಗಣವನ್ನು ಒಮ್ಮೆ ಕಣ್ತೆರೆದು ನೋಡಬೇಕು. ಗುಂಡೆಸೆತದಲ್ಲಿ ಪುರುಷರು ೭.೨೬ ಕಿಲೋಗ್ರಾಂ ತೂಕದ ಗುಂಡನ್ನು ಎಸೆದರೆ ಮಹಿಳೆಯರ ಗುಂಡಿನ ತೂಕ ೪ ಕಿಲೋಗ್ರಾಂ. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಬುಟ್ಟಿಯ ಬಳೆ ನೆಲದಿಂದ ೩.೦೫ ಮೀಟರ್ ಎತ್ತರದಲ್ಲಿರುತ್ತದೆ. ಚಿಕ್ಕ ಮಕ್ಕಳಿಗಾಗಿ ಏರ್ಪಟ್ಟ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದನ್ನು ೨.೬೦ ಮೀಟರಿಗೆ ಇಳಿಸಲಾಗಿದೆ. ಪುರುಷರ ೧೧೦ ಮೀಟರ್ ಓಟದ ಹರ್ಡಲ್ಸ್ ತಡೆಗಳು ಒಂದು ಮೀಟರಿಗಿಂತ ಎತ್ತರವಾಗಿದ್ದರೆ, ಮಹಿಳೆಯರ ೧೦೦ ಮೀಟರ್ ಓಟದ ತಡೆಗಳು ಅದಕ್ಕಿಂತ ತಗ್ಗಾಗಿವೆ. ಇವನ್ನೆಲ್ಲ ಕಂಡು ‘ಇದು ದಯೆಯಿಂದ ಕೊಟ್ಟ ರಿಯಾಯಿತಿ’ ಎಂದು ಯಾರೂ ಹೇಳುವುದಿಲ್ಲ. ಕನ್ನಡಕ ಧರಿಸಿ ಆಡುವ ಹುಡುಗನನ್ನು ಕಂಡು ‘ಇವನು ಮೋಸ ಮಾಡುತ್ತಿದ್ದಾನೆ’ ಎಂದು ಯಾರೂ ಆಕ್ಷೇಪಿಸುವುದಿಲ್ಲ. ಆಡುವವರ ದೇಹಕ್ಕೆ ಒಪ್ಪುವ ಸಾಧನವನ್ನು ಒದಗಿಸುವುದು ಕ್ರೀಡಾಲೋಕದ ಹಳೆಯ ಸಂಪ್ರದಾಯ. ಆ ಸಂಪ್ರದಾಯದ ನೆರಳು ವಿಕಲಚೇತನ ಮಕ್ಕಳವರೆಗೆ ಚಾಚಲಿ ಎಂಬುದಷ್ಟೇ ಇಂದಿನ ಬೇಡಿಕೆ.

ಸಾಧನದಲ್ಲಿ ಆದ ಒಂದು ಚಿಕ್ಕ ಬದಲಾವಣೆ ಎಷ್ಟು ದೊಡ್ಡ ಬಾಗಿಲನ್ನು ತೆರೆಯಬಲ್ಲದು ಎಂಬುದಕ್ಕೆ ಅಂಧರ ಕ್ರಿಕೆಟ್ ಉಜ್ವಲವಾದ ನಿದರ್ಶನ. ೧೯೨೨ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಕಾರ್ಖಾನೆಯೊಂದರ ಅಂಧ ಕಾರ್ಮಿಕರು ತಗಡಿನ ಡಬ್ಬಿಯೊಂದರಲ್ಲಿ ಕಲ್ಲಿನ ಚೂರುಗಳನ್ನು ತುಂಬಿ, ಅದನ್ನೇ ಚೆಂಡಾಗಿಸಿಕೊಂಡು ಕ್ರಿಕೆಟ್ ಆಡತೊಡಗಿದರು. ಡಬ್ಬಿ ಉರುಳಿದಾಗ ಕಲ್ಲುಗಳು ಗಲಗಲ ಸದ್ದು ಮಾಡಿದವು. ಕಣ್ಣು ಮಾಡಬೇಕಾಗಿದ್ದ ಕೆಲಸವನ್ನು ಕಿವಿ ವಹಿಸಿಕೊಂಡಿತು. ದೊಡ್ಡ ವಿಜ್ಞಾನಿಗಳಾಗಲಿ ಧನಿಕರಾಗಲಿ ಈ ಆಟವನ್ನು ಹುಟ್ಟುಹಾಕಲಿಲ್ಲ; ಆಡಬೇಕೆಂಬ ಹಂಬಲವುಳ್ಳ ದುಡಿಮೆಗಾರರು ಕೈಗೆ ಸಿಕ್ಕಿದ ವಸ್ತುವಿನಿಂದ ಇದನ್ನು ಕಟ್ಟಿದರು.

ಇಂದು ಭಾರತದಲ್ಲಿ ಈ ಆಟಕ್ಕೆ ಗಟ್ಟಿಯಾದ ಪ್ಲಾಸ್ಟಿಕ್ ಚೆಂಡನ್ನು ಬಳಸುತ್ತಾರೆ. ಅದರೊಳಗೆ ಲೋಹದ ಗುಂಡುಗಳಿದ್ದು, ಚೆಂಡು ಉರುಳಿದಂತೆಲ್ಲ ಅವು ನಾದಗೈಯುತ್ತವೆ. ಸಾಧನ ಬದಲಾದೊಡನೆ ನಿಯಮಗಳೂ ಅದಕ್ಕೆ ಹೊಂದಿಕೊಂಡಿರುವುದು ಗಮನಾರ್ಹವಾಗಿದೆ. ಗಾಳಿಯಲ್ಲಿ ತೇಲಿಬರುವ ಚೆಂಡಿನ ದಾರಿ ಕಿವಿಗೆ ತಿಳಿಯುವುದು ಕಷ್ಟ. ಆದುದರಿಂದ ಚೆಂಡೆಸೆಯುವವನು ತೋಳನ್ನು ಮೇಲೆತ್ತದೆ, ಕೆಳಗಿನಿಂದಲೇ ನೆಲಕ್ಕೆ ತಾಗಿ ಸಾಗುವಂತೆ ಅದನ್ನು ಬಿಡಬೇಕು. ಎಸೆಯುವ ಮುನ್ನ ದಾಂಡಿಗನು ಸಿದ್ಧನಿದ್ದಾನೆಯೇ ಎಂದು ಕೇಳಬೇಕು. ವಿಕೆಟ್ಟಿನ ಗೂಟಗಳು ಲೋಹದವಾಗಿದ್ದು, ಚೆಂಡು ತಗುಲಿದೊಡನೆ ಸದ್ದು ಮಾಡುತ್ತವೆ. ಅಲ್ಪಸ್ವಲ್ಪ ಕಾಣಬಲ್ಲವರಿಗಾಗಿ ಅವುಗಳಿಗೆ ಢಾಳಾದ ಬಣ್ಣ ಬಳಿದಿರುತ್ತಾರೆ. ಹನ್ನೊಂದು ಮಂದಿಯ ತಂಡದಲ್ಲಿ ಕಡಿಮೆಯೆಂದರೆ ನಾಲ್ವರು ಸಂಪೂರ್ಣ ಅಂಧರಿರಬೇಕೆಂಬ ನಿಯಮವಿದೆ. ಅವರು ಗಳಿಸಿದ ಒಂದೊಂದು ಓಟಕ್ಕೂ ಎರಡರ ಬೆಲೆ ದೊರೆಯುತ್ತದೆ. ಹೀಗಾಗಿ ಅವರನ್ನು ಹೆಸರಿಗಷ್ಟೇ ತಂಡಕ್ಕೆ ಸೇರಿಸಿಕೊಂಡು ಮೂಲೆಯಲ್ಲಿ ನಿಲ್ಲಿಸುವಂತಿಲ್ಲ. ತಂಡ ಗೆಲ್ಲಬೇಕಾದರೆ ಅವರ ದಾಂಡೂ ಬೇಕು.

ಈ ಆಟದ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಮಾನ್ಯವಾದ ಸ್ಥಾನವಿದೆ. ಅಂಧರ ಪ್ರಥಮ ಟಿ-೨೦ ವಿಶ್ವಕಪ್ ಪಂದ್ಯಾವಳಿ ನಡೆದುದು ೨೦೧೨ರಲ್ಲಿ, ಬೆಂಗಳೂರಿನಲ್ಲಿ. ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವನ್ನು ಸೋಲಿಸಿ ಭಾರತವು ಕಪ್ಪನ್ನು ಗೆದ್ದುಕೊಂಡಿತು. ಆ ತಂಡದ ನಾಯಕರಾಗಿದ್ದವರು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ೨೦೧೪ರ ವಿಶ್ವಕಪ್ ವಿಜಯದಲ್ಲಿಯೂ ಅವರೇ ತಂಡವನ್ನು ಮುನ್ನಡೆಸಿದರು. ೨೦೧೭ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ೨೦೨೫ರ ನವೆಂಬರ್ ತಿಂಗಳಿನಲ್ಲಿ ಕೊಲಂಬೊ ನಗರದಲ್ಲಿ ಮುಕ್ತಾಯಗೊಂಡ ಅಂಧ ಮಹಿಳೆಯರ ಪ್ರಥಮ ಟಿ-೨೦ ವಿಶ್ವಕಪ್ಪನ್ನು ಭಾರತದ ಹೆಣ್ಣುಮಕ್ಕಳು ಗೆದ್ದಾಗ ಅವರ ನಾಯಕಿಯಾಗಿದ್ದವರು ಕರ್ನಾಟಕದ ಪರವಾಗಿ ಆಡುವ ದೀಪಿಕಾ ಟಿ. ಸಿ. ಇವರ ಕೈಗೆ ಸದ್ದಿಲ್ಲದ ಚೆಂಡನ್ನು ಕೊಟ್ಟಿದ್ದರೆ ನಾಡು ಇವರ ಹೆಸರನ್ನು ಕೇಳುವ ಸಂಭವವೇ ಇರುತ್ತಿರಲಿಲ್ಲ. ಪ್ರತಿಭೆ ಅವರಲ್ಲಿತ್ತು, ಅದು ಹೊರಬರಲು ಬೇಕಾಗಿದ್ದುದು ಚೆಂಡಿನೊಳಗಿನ ಒಂದು ಹಿಡಿ ಲೋಹದ ಗುಂಡುಗಳು.

ಎರಡನೆಯ ಮಹಾಯುದ್ಧದ ಬಳಿಕ ಯುರೋಪಿನಲ್ಲಿ ಹುಟ್ಟಿದ ಗೋಲ್‌ಬಾಲ್ ಆಟವೂ ಇಂತಹುದೇ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ೧೯೪೬ರಲ್ಲಿ ಇದನ್ನು ರೂಪಿಸಿದರು. ಒಂದೂಕಾಲು ಕಿಲೋಗ್ರಾಂ ತೂಕದ ಚೆಂಡಿನೊಳಗೆ ಗಂಟೆಗಳಿರುತ್ತವೆ. ಅಂಕಣದ ಗೆರೆಗಳ ಅಡಿಯಲ್ಲಿ ದಾರವಿರುವುದರಿಂದ ಆಟಗಾರರು ಬೆರಳಿನಿಂದ, ಪಾದದಿಂದ ತಡವಿ ತಾವಿರುವ ಸ್ಥಳವನ್ನು ಅರಿಯುತ್ತಾರೆ. ಎಲ್ಲ ಆಟಗಾರರೂ ಕಣ್ಣಿಗೆ ಪಟ್ಟಿ ಧರಿಸುವುದರಿಂದ ಹೆಚ್ಚು ಕಾಣುವವರು, ಕಡಿಮೆ ಕಾಣುವವರು ಎಂಬ ಭೇದ ಅಳಿಯುತ್ತದೆ. ಚೆಂಡು ಚಲಿಸುತ್ತಿರುವಾಗ ಪ್ರೇಕ್ಷಕರು ಉಸಿರು ಬಿಗಿಹಿಡಿದು ಮೌನವಾಗಿರಬೇಕು; ಗೋಲಾದ ಮೇಲಷ್ಟೇ ಚಪ್ಪಾಳೆ. ಸಾವಿರಾರು ಜನ ತುಂಬಿದ ಕ್ರೀಡಾಂಗಣ ಕೆಲವೇ ಆಟಗಾರರ ಕಿವಿಗಾಗಿ ಮೌನ ತಾಳುವುದು ಸಾಮಾನ್ಯ ಸಂಗತಿಯಲ್ಲ. ಅಲ್ಲಿ ಚೆಂಡಷ್ಟೇ ಅಲ್ಲ, ನೋಡುವವರ ನಡತೆಯೂ ತಿದ್ದುಪಡಿಗೆ ಒಳಗಾಗಿದೆ.

ಕಾಲಿನ ಬಲ ಕುಂದಿದವರಿಗಾಗಿ ಕುಳಿತು ಆಡುವ ವಾಲಿಬಾಲ್ ಇದೆ. ಇದು ೧೯೫೬ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಆರಂಭವಾಯಿತು. ಸಾಮಾನ್ಯ ವಾಲಿಬಾಲ್‌ನಲ್ಲಿ ಪುರುಷರ ಬಲೆಯ ಎತ್ತರ ೨.೪೩ ಮೀಟರ್, ಇಲ್ಲಿ ಅದು ೧.೧೫ ಮೀಟರ್. ಅಂಕಣವೂ ಚಿಕ್ಕದು. ಆದರೆ ಚೆಂಡಿನ ವೇಗವಾಗಲಿ ಆಟದ ಬಿರುಸಾಗಲಿ ಕಡಿಮೆಯಾಗುವುದಿಲ್ಲ. ನುರಿತ ಓಟಗಾರನನ್ನು ಅಲ್ಲಿ ಕುಳ್ಳಿರಿಸಿದರೆ ಮೊದಲ ದಿನ ಅವನೇ ತಡಕಾಡುವನು. ಕಿವಿ ಕೇಳದ ಮಕ್ಕಳ ವಿಷಯದಲ್ಲಂತೂ ಬೇಕಾದ ಬದಲಾವಣೆ ಇನ್ನೂ ಸರಳ. ಸೀಟಿಯ ಬದಲು ಬಣ್ಣದ ಬಾವುಟವನ್ನು ಬೀಸಿದರೆ, ಓಟದ ಆರಂಭಕ್ಕೆ ಸದ್ದಿನ ಬದಲು ದೀಪವನ್ನು ಬೆಳಗಿದರೆ ಸಾಕು. ಅವರು ಯಾರಿಗೂ ಹಿಂದೆ ಬೀಳುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚಿನ ವಿವೇಕವನ್ನು ಬೋಧಿಸುವ ಆಟ ಬೋಚ್ಚಾ. ಸೆರೆಬ್ರಲ್ ಪಾಲ್ಸಿ ಎಂಬ ಸ್ಥಿತಿಯಿಂದಾಗಿ ಕೈಕಾಲುಗಳ ಮೇಲೆ ಹಿಡಿತ ತಪ್ಪಿದವರೂ ಇದನ್ನು ಆಡಬಲ್ಲರು. ಬಿಳಿಯ ಗುರಿಚೆಂಡಿನ ಸಮೀಪಕ್ಕೆ ತಮ್ಮ ಚೆಂಡುಗಳನ್ನು ಕಳುಹಿಸುವುದೇ ಆಟ. ಎಸೆಯಲಾರದವರು ಇಳಿಜಾರಾದ ಒಂದು ದೋಣಿಯಂತಹ ಸಾಧನದ ಮೇಲಿಂದ ಚೆಂಡನ್ನು ಉರುಳಿಸುತ್ತಾರೆ. ಕೈಯೂ ಆಡದವರು ತಲೆಗೆ ಕಟ್ಟಿದ ಕಡ್ಡಿಯಿಂದ ಅದನ್ನು ತಳ್ಳುತ್ತಾರೆ. ಇಳಿಜಾರನ್ನು ಅತ್ತಿತ್ತ ತಿರುಗಿಸಲು ಆಟಗಾರನಿಗೆ ಒಬ್ಬ ಸಹಾಯಕನಿರುತ್ತಾನೆ. ಆದರೆ ಅವನು ಅಂಕಣಕ್ಕೆ ಬೆನ್ನು ಮಾಡಿಯೇ ಇರಬೇಕು; ಆಟವನ್ನು ತಿರುಗಿ ನೋಡುವಂತಿಲ್ಲ. ಎಷ್ಟು ತಿರುಗಿಸಬೇಕು, ಎಷ್ಟು ಎತ್ತರಿಸಬೇಕು ಎಂಬುದನ್ನು ಆಟಗಾರನೇ ನಿರ್ಧರಿಸಿ ಸೂಚಿಸಬೇಕು. ಸಹಾಯಕನು ಕೈಗಳನ್ನು ಕೊಡಬಹುದು, ಬುದ್ಧಿಯನ್ನು ಕೊಡುವಂತಿಲ್ಲ. ನೆರವು ಎಲ್ಲಿ ಆರಂಭವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಇದಕ್ಕಿಂತ ಸೊಗಸಾಗಿ ತಿಳಿಸುವ ನಿಯಮ ದುರ್ಲಭ.

ಏಕೆಂದರೆ ಅತಿಯಾದ ನೆರವೂ ಒಂದು ಬಗೆಯ ಅವಮಾನವೇ. ವಿಕಲಚೇತನ ಮಗು ಚೆಂಡನ್ನು ಮುಟ್ಟಿದೊಡನೆ ಎಲ್ಲರೂ ಬೇಕೆಂದೇ ಸೋತು, ಚಪ್ಪಾಳೆ ತಟ್ಟಿ, ‘ನೀನೇ ಗೆದ್ದೆ’ ಎಂದು ಹೇಳಿದರೆ ಆ ಮಗುವಿಗೆ ಸತ್ಯ ತಿಳಿಯದೆ ಇರುವುದಿಲ್ಲ. ಸುಳ್ಳು ಗೆಲುವಿಗಿಂತ ನಿಜವಾದ ಸೋಲು ಮೇಲು. ಸಾಧನವನ್ನು ಬದಲಾಯಿಸುವ ಉದ್ದೇಶ ಆಟದ ಸವಾಲನ್ನು ತೆಗೆದುಹಾಕುವುದಲ್ಲ. ಸವಾಲಿನ ಬಳಿಗೆ ಹೋಗುವ ದಾರಿಯಲ್ಲಿರುವ ಮುಳ್ಳನ್ನು ತೆಗೆದುಹಾಕುವುದು. ಯಾವ ಮುಳ್ಳು ಎಲ್ಲಿ ಚುಚ್ಚುತ್ತಿದೆ ಎಂಬುದನ್ನು ಆ ಮಗುವಿನಷ್ಟು ಚೆನ್ನಾಗಿ ಬೇರೆ ಯಾರೂ ಅರಿಯರು. ಆದುದರಿಂದ ಸಾಧನವನ್ನು ತಿದ್ದುವ ಮೊದಲು ಮಗುವನ್ನೇ ಕೇಳುವುದು ಒಳ್ಳೆಯದು.

ಇಷ್ಟನ್ನು ಕೇಳಿದ ಬಳಿಕವೂ ಕೆಲವರು ಆಕ್ಷೇಪಗಳನ್ನು ಎತ್ತುವುದುಂಟು. ಮೊದಲನೆಯ ಆಕ್ಷೇಪ ಹಣದ್ದು. ಹಳ್ಳಿಯ ಬಡ ಶಾಲೆಗಳು ಇಂತಹ ಸಾಧನಗಳನ್ನು ಎಲ್ಲಿಂದ ತರಬೇಕು ಎಂದು ಅವರು ಕೇಳುತ್ತಾರೆ. ಮೆಲ್ಬರ್ನಿನ ತಗಡಿನ ಡಬ್ಬಿಯೇ ಇದಕ್ಕೆ ತಕ್ಕ ಉತ್ತರ. ಬಟ್ಟೆಯ ಚೆಂಡಿನೊಳಗೆ ನಾಲ್ಕು ಗೆಜ್ಜೆಗಳನ್ನಿಟ್ಟು ಹೊಲಿದರೆ ಸದ್ದಿನ ಚೆಂಡು ಸಿದ್ಧವಾಯಿತು. ಕಾಲ್ಚೆಂಡನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿದರೆ ಅದು ಉರುಳುವಾಗ ಸರಸರ ಸದ್ದು ಮಾಡುತ್ತದೆ. ತೆಂಗಿನ ನಾರಿನ ಹಗ್ಗವನ್ನು ನೆಲಕ್ಕೆ ಬಿಗಿದರೆ ಪಾದಕ್ಕೆ ತಿಳಿಯುವ ಗೆರೆಯಾಗುತ್ತದೆ. ಅಗಲವಾದ ಕೊಳವೆಯೊಂದನ್ನು ಉದ್ದಕ್ಕೆ ಸೀಳಿದರೆ ಚೆಂಡುರುಳಿಸುವ ಇಳಿಜಾರು ದೊರೆಯುತ್ತದೆ. ಹಿಡಿತ ಸಾಲದ ಕೈಗೆ ದಾಂಡಿನ ಹಿಡಿಯನ್ನು ಬಟ್ಟೆ ಸುತ್ತಿ ದಪ್ಪವಾಗಿಸಬಹುದು. ಊರಿನ ಬಡಗಿ, ದರ್ಜಿ, ಕಮ್ಮಾರರ ಕೈಗೆ ಮೀರಿದ ಕೆಲಸ ಇದರಲ್ಲಿ ಒಂದೂ ಇಲ್ಲ.

ನಾಡಿನ ಹಳೆಯ ಆಟಗಳೂ ಈ ಕಾರ್ಯಕ್ಕೆ ಒದಗಿಬರುತ್ತವೆ. ಅಳಗುಳಿಮಣೆಯನ್ನು ನೆನೆಯಬಹುದು. ಅದರ ಗುಳಿಗಳು ಬೆರಳಿಗೆ ಸಿಗುತ್ತವೆ. ಹುಣಿಸೆಯ ಬೀಜಗಳನ್ನು ಮುಟ್ಟಿಯೇ ಎಣಿಸಬಹುದು. ಕಣ್ಣಿದ್ದವರೂ ಇಲ್ಲದವರೂ ಎದುರುಬದುರು ಕುಳಿತು ಸಮಸಮನಾಗಿ ಆಡಬಹುದಾದ ಆಟವನ್ನು ಹಿಂದಿನವರು ಮರದ ಹಲಗೆಯಲ್ಲಿ ಕೊರೆದಿಟ್ಟು ಹೋಗಿದ್ದಾರೆ. ಲಗೋರಿಯನ್ನೂ ಸುಲಭವಾಗಿ ಹೊಂದಿಸಿಕೊಳ್ಳಬಹುದು. ಕಲ್ಲುಗಳ ಬದಲು ತಗಡಿನ ಮುಚ್ಚಳಗಳನ್ನು ಪೇರಿಸಿದರೆ ಅವು ಬಿದ್ದ ಸದ್ದು ಕೇಳುತ್ತದೆ. ರಾಶಿಯ ಹಿಂದೆ ತುಸು ದೂರದಲ್ಲಿ ಗೆಳತಿಯೊಬ್ಬಳು ನಿಂತು ಚಪ್ಪಾಳೆ ತಟ್ಟಿದರೆ ಗುರಿಯ ದಿಕ್ಕು ತಿಳಿಯುತ್ತದೆ. ಅದೇ ರಾಶಿಯನ್ನು ಬೆಂಚಿನ ಮೇಲೆ ಇಟ್ಟರೆ ಗಾಲಿಕುರ್ಚಿಯಲ್ಲಿರುವ ಹುಡುಗಿಯೂ ಬಾಗದೆ ಅದನ್ನು ಮತ್ತೆ ಪೇರಿಸಬಲ್ಲಳು. ಗುರಿಯಿಟ್ಟು ಹೊಡೆಯುವುದು, ಎದುರಾಳಿಯ ಕಣ್ಣು ತಪ್ಪಿಸಿ ಕಟ್ಟುವುದು ಎಂಬ ಲಗೋರಿಯ ಜೀವಾಳ ಎಲ್ಲಿಯೂ ಕೆಡಲಿಲ್ಲ.

ಎರಡನೆಯ ಆಕ್ಷೇಪ ಅಪಾಯದ್ದು. ಮಗು ಬಿದ್ದು ಪೆಟ್ಟು ಮಾಡಿಕೊಂಡರೆ ಹೊಣೆ ಯಾರದು ಎಂದು ಹೆತ್ತವರೂ ಶಿಕ್ಷಕರೂ ಅಂಜುತ್ತಾರೆ. ಈ ಅಂಜಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅಪಾಯವೆಂಬುದು ಸಿದ್ಧತೆಗೆ ಕಾರಣವಾಗಬೇಕೇ ಹೊರತು ನಿಷೇಧಕ್ಕೆ ಕಾರಣವಾಗಬಾರದು. ಬಯಲಿನ ಗುಂಡಿಗಳನ್ನು ಮುಚ್ಚುವುದು, ಮೃದುವಾದ ಚೆಂಡನ್ನು ಆರಿಸುವುದು, ಆಡುವ ಮುನ್ನ ಅಂಕಣದ ಮೇರೆಯನ್ನು ಮಗುವಿಗೆ ಕೈಹಿಡಿದು ತೋರಿಸುವುದು, ವೈದ್ಯರು ಬೇಡವೆಂದುದನ್ನು ಮಾಡಿಸದಿರುವುದು ಇವು ಶಾಲೆ ವಹಿಸಬೇಕಾದ ಎಚ್ಚರಿಕೆಗಳು. ಮಂಡಿ ತರಚಿಕೊಳ್ಳದೆ ಬೆಳೆದ ಬಾಲ್ಯ ಯಾರದೂ ಇಲ್ಲ. ಆ ಚಿಕ್ಕ ಗಾಯದ ಹಕ್ಕನ್ನೂ ಒಂದು ಮಗುವಿನಿಂದ ಕಿತ್ತುಕೊಳ್ಳುವುದು ರಕ್ಷಣೆಯ ಹೆಸರಿನಲ್ಲಿ ನಡೆಯುವ ಬಂಧನ.

ಮೂರನೆಯ ಆಕ್ಷೇಪ ಇತರ ಮಕ್ಕಳದು. ಒಬ್ಬರಿಗಾಗಿ ಎಲ್ಲರ ಆಟ ಕೆಡಬೇಕೇ ಎಂಬುದು ಅವರ ಪ್ರಶ್ನೆ. ಇದರಲ್ಲಿ ಸ್ವಲ್ಪ ನಿಜವಿದೆ. ಪ್ರತಿಯೊಂದು ಆಟವನ್ನೂ ಪ್ರತಿಯೊಂದು ದಿನವೂ ಬದಲಾಯಿಸಬೇಕಾಗಿಲ್ಲ. ವೇಗದ ಆಟವನ್ನು ಬಯಸುವವರಿಗೆ ಅದರ ಅವಕಾಶವೂ ಇರಬೇಕು. ಆದರೆ ವಾರದಲ್ಲಿ ಕೆಲವು ಅವಧಿಗಳಾದರೂ ಎಲ್ಲರೂ ಕೂಡಿ ಆಡುವ ಆಟಗಳಿಗೆ ಮೀಸಲಾಗಬೇಕು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗೆಜ್ಜೆಯ ಚೆಂಡಿನ ಬೆನ್ನು ಹತ್ತಿದ ಬಾಲಕನಿಗೆ ಅರ್ಧ ಗಂಟೆಯಲ್ಲಿ ಎರಡು ಸತ್ಯಗಳು ಹೊಳೆಯುತ್ತವೆ. ಆಟದ ರೋಮಾಂಚನ ಕಣ್ಣಿನಲ್ಲಿಯೇ ಇಲ್ಲ ಎಂಬುದು ಒಂದು; ನಿನ್ನೆಯವರೆಗೆ ‘ಪಾಪ’ವೆಂದು ಕರೆದ ಗೆಳೆಯ ಈ ಆಟದಲ್ಲಿ ತನಗಿಂತ ಚತುರ ಎಂಬುದು ಇನ್ನೊಂದು. ಕನಿಕರ ಕರಗಿ ಗೌರವ ಹುಟ್ಟುವುದು ಇಂತಹ ಗಳಿಗೆಯಲ್ಲಿಯೇ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ವಿಕಲಚೇತನರ ಹಕ್ಕುಗಳನ್ನು ಕುರಿತು ವಿಶ್ವಸಂಸ್ಥೆಯು ೨೦೦೬ರಲ್ಲಿ ಅಂಗೀಕರಿಸಿದ ಒಡಂಬಡಿಕೆಗೆ ಭಾರತವು ೨೦೦೭ರಲ್ಲಿ ಒಪ್ಪಿಗೆಯಿತ್ತಿತು. ಶಾಲೆಯ ಆಟಪಾಟಗಳಲ್ಲಿ ವಿಕಲಚೇತನ ಮಕ್ಕಳಿಗೂ ಇತರ ಮಕ್ಕಳಿಗೆ ಸಮಾನವಾದ ಅವಕಾಶವಿರಬೇಕೆಂದು ಆ ಒಡಂಬಡಿಕೆ ಸಾರುತ್ತದೆ. ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವೂ ಶಾಲೆಗಳಲ್ಲಿ ವಿದ್ಯೆಯೊಡನೆ ಕ್ರೀಡೆಗೂ ವಿನೋದಕ್ಕೂ ಸಮಾನ ಅವಕಾಶ ದೊರೆಯಬೇಕೆಂದು ವಿಧಿಸಿದೆ. ಕ್ರೀಡಾ ಸೌಲಭ್ಯಗಳನ್ನು ಮರುರೂಪಿಸಬೇಕೆಂದೂ ಹೇಳಿದೆ. ಆದುದರಿಂದ ಇದು ಉಪಕಾರದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಆದರೆ ಕಾನೂನು ಶಾಲೆಯ ಬಾಗಿಲನ್ನು ತೆರೆಸಬಲ್ಲದು, ಇಳಿಜಾರನ್ನು ಕಟ್ಟಿಸಬಲ್ಲದು, ಚೆಂಡನ್ನೂ ಕೊಡಿಸಬಲ್ಲದು. ಆ ಚೆಂಡನ್ನು ಮರದ ಕೆಳಗಿನ ಗೆಳೆಯನತ್ತ ಉರುಳಿಸುವ ಕೈಯನ್ನು ಮಾತ್ರ ಅದು ಕೊಡಲಾರದು. ಆ ಕೈ ಶಿಕ್ಷಕರದೂ ಸಹಪಾಠಿಗಳದೂ ಆಗಿರಬೇಕು.

ಮರದ ನೆರಳಿನಲ್ಲಿ ಚಪ್ಪಲಿಗಳನ್ನು ಕಾಯುವ ಮಗು ಇಂದಿಗೂ ಅನೇಕ ಶಾಲೆಗಳಲ್ಲಿದೆ. ಅದನ್ನು ಎಬ್ಬಿಸಿ ಬಯಲಿಗೆ ಕರೆತರಲು ಪವಾಡವೇನೂ ನಡೆಯಬೇಕಾಗಿಲ್ಲ. ನಾಲ್ಕು ಗೆಜ್ಜೆ, ಒಂದು ಮಾರು ಹಗ್ಗ, ತಗಡಿನ ಕೆಲವು ಮುಚ್ಚಳಗಳು, ಇವುಗಳ ಜೊತೆಗೆ ‘ನಿನಗೆ ಹೇಗಿದ್ದರೆ ಅನುಕೂಲ?’ ಎಂಬ ಒಂದು ಪ್ರಶ್ನೆ; ಮೊದಲ ದಿನಕ್ಕೆ ಇಷ್ಟು ಸಾಕು. ಅಂಗಳದ ಡೊಂಕನ್ನು ತಿದ್ದಿದ ಮೇಲೆ ಯಾರು ಚೆನ್ನಾಗಿ ಕುಣಿಯುತ್ತಾರೆ, ಯಾರು ಎಡವುತ್ತಾರೆ ಎಂಬುದನ್ನು ಆಟವೇ ನಿರ್ಣಯಿಸಲಿ. ಚಪ್ಪಲಿಗಳನ್ನು ಕಾಯುವವರು ಯಾರು ಎಂಬ ಚಿಂತೆ ಬೇಡ. ಅವು ಮರದ ಕೆಳಗೆ ತಮ್ಮಷ್ಟಕ್ಕೆ ಬಿದ್ದಿರುತ್ತವೆ.